ಕೊಟ್ಟಿಗೆಗೆ ಬೀಗ ಬೇಕೆ?



ಕಳೆದ ವರ್ಷ ಮಾರ್ಚ್ ತಿಂಗಳ ಒಂದು ರಾತ್ರಿ ಊಟ ಮುಗಿಸಿ ಕೈತೊಳೆಯುತ್ತಿದ್ದಾಗ ಪಕ್ಕದ ಮನೆಯ ಹುಡುಗ ಟಾರ್ಚ್ ಹಿಡಿದುಕೊಂಡು ಓಡಿಬಂದ. "ಮೇಷ್ಟ್ರೇ, ಪೈಪ್ ರೆಂಚ್ ಇದ್ಯಾ? ಟ್ಯಾಂಕಿನ ಬುಡದಲ್ಲಿ ಪೈಪು ಬಿಟ್ಟುಕೊಂಡಿದೆ, ನೀರೆಲ್ಲ ಹೋಗ್ತಾ ಇದೆ" ಎಂದ. ಬೇಸಿಗೆಯಲ್ಲಿ ನಮ್ಮ ಮಲೆನಾಡಿನ ಬಾವಿಗಳೂ ಈಗ ತಳ ಕಾಣುತ್ತವೆ. ತುಂಬಿದ ಒಂದು ಟ್ಯಾಂಕು ನೀರಿನ ಬೆಲೆ ಏನೆಂಬುದು ಇಲ್ಲಿರುವವರಿಗೆಲ್ಲ ಗೊತ್ತು. "ಇದೆ, ಬಾ" ಎಂದು ಬೀಗದ ಕೈ ತೆಗೆದುಕೊಂಡು ಹಿತ್ತಲಿನ ಕೊಟ್ಟಿಗೆಗೆ ನಡೆದೆ.

ಪೈಪ್ ರೆಂಚ್ ಇರುವುದು ನನಗೆ ಖಚಿತವಾಗಿತ್ತು. ಆದರೆ ಎಲ್ಲಿ? ಹಳೆಯ ಸೈಕಲ್ಲು, ಒಡೆದ ಮಿಕ್ಸಿ, ಮೊಮ್ಮಗನ ತೊಟ್ಟಿಲು, ಗೊಬ್ಬರದ ಖಾಲಿ ಚೀಲಗಳು, ಮೂವತ್ತು ವರ್ಷಗಳ ಉತ್ತರಪತ್ರಿಕೆಗಳ ಕಟ್ಟು - ಇವುಗಳ ನಡುವೆ ಮುಕ್ಕಾಲು ಗಂಟೆ ಹುಡುಕಿದೆವು. ಕೊನೆಗೆ ಆ ಹುಡುಗನೇ "ಪರವಾಗಿಲ್ಲ ಬಿಡಿ ಮೇಷ್ಟ್ರೇ" ಎಂದು ಹೇಳಿ, ಪೈಪಿಗೆ ಹಳೆಯ ಬಟ್ಟೆ ಸುತ್ತಲು ಹೊರಟುಹೋದ. ಬೆಳಿಗ್ಗೆ ನೋಡಿದಾಗ ಅವರ ಟ್ಯಾಂಕು ಬರಿದಾಗಿತ್ತು. ಮುಂದೆ ಕೊಟ್ಟಿಗೆಯನ್ನು ಖಾಲಿ ಮಾಡಿದಾಗ ನನ್ನಲ್ಲಿದ್ದ ಪೈಪ್ ರೆಂಚುಗಳ ಸಂಖ್ಯೆ ತಿಳಿಯಿತು: ಮೂರು! ಒಂದು ಸಿಗಲಿಲ್ಲವೆಂದು ಇನ್ನೊಂದು, ಅದೂ ಸಿಗಲಿಲ್ಲವೆಂದು ಮತ್ತೊಂದು ಕೊಂಡಿದ್ದೆ. ಮೂರಿದ್ದೂ ಬೇಕಾದ ಹೊತ್ತಿಗೆ ಒಂದೂ ಇರಲಿಲ್ಲ.

ಈ ಸಂಗತಿಯನ್ನು ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವನು "ಅಪ್ಪ, ಆ ಕೊಟ್ಟಿಗೆಯನ್ನು ಕೆಡವಿಸಿಬಿಡಿ, ಶೀಟು ಹಾಕಿಸಿ ಕಾರು ನಿಲ್ಲಿಸಲು ಜಾಗ ಮಾಡೋಣ. ಸಾಮಾನನ್ನೆಲ್ಲ ಗುಜರಿಗೆ ಕೊಡಿ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಎರಡು ದಿನ ಯೋಚಿಸಿದ ಮೇಲೆ, ಕೆಡವುವ ಬದಲು ಅದನ್ನು ದುರಸ್ತಿ ಮಾಡಿ ನಿಜವಾದ ಕೆಲಸದ ಮನೆಯನ್ನಾಗಿ ಮಾಡಬೇಕೆಂದು ನಿಶ್ಚಯಿಸಿದೆ. ಆ ಕೆಲಸದಲ್ಲಿ ನಾನು ಕಲಿತದ್ದನ್ನೂ, ಅದರಿಂದ ನನ್ನಲ್ಲಿ ಮೂಡಿದ ಒಂದು ಅಭಿಪ್ರಾಯವನ್ನೂ ಇಲ್ಲಿ ನಿವೇದಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಕಾದ ಒಂದು ಮಾತೂ ಇದರಲ್ಲಿದೆ.

ಮೊದಲು ಕಟ್ಟಡದ ವಿಷಯ. ಅದು ನಮ್ಮ ತಂದೆಯವರ ಕಾಲದ ದನದ ಕೊಟ್ಟಿಗೆ. ದನಗಳು ಹೋದ ಮೇಲೆ ಹೆಸರು ಮಾತ್ರ ಉಳಿದಿದೆ. ಜಂಬಿಟ್ಟಿಗೆಯ ಗೋಡೆ, ಮರದ ಪಕಾಸಿ, ಮೇಲೆ ಮಂಗಳೂರು ಹಂಚು. ಈ ಹಂಚಿನ ಚರಿತ್ರೆ ಸ್ವಾರಸ್ಯವಾದದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿಂದ ಹಬ್ಬಿದ ಈ ಹಂಚು ಹುಲ್ಲು-ಸೋಗೆಗಳ ಮಾಡಿನಡಿ ಬದುಕುತ್ತಿದ್ದ ಎಷ್ಟೋ ಮನೆಗಳ ರೂಪವನ್ನೇ ಬದಲಿಸಿತು. ಒಂದು ಹಂಚು ಒಡೆದರೆ ಆ ಒಂದನ್ನೇ ತೆಗೆದು ಬೇರೊಂದನ್ನು ಸೇರಿಸಬಹುದು. ಇಡೀ ಮಾಡನ್ನು ಬಿಚ್ಚಬೇಕಾಗಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹಂಚುಗಳು ಬಹುಪಾಲು ಗಟ್ಟಿಯಾಗಿದ್ದವು, ಕೆಟ್ಟಿದ್ದುದು ಮರ. ಸೋರಿದ ಕಡೆ ರೀಪುಗಳು ಕೊಳೆತಿದ್ದವು, ಎರಡು ಪಕಾಸಿಗಳನ್ನು ಗೆದ್ದಲು ಒಳಗಿಂದೊಳಗೇ ತಿಂದಿತ್ತು. ಮರ ಹಾಳಾದುದಕ್ಕೆ ಮಳೆ ಕಾರಣವಲ್ಲ, ಜಾರಿದ ನಾಲ್ಕು ಹಂಚುಗಳನ್ನು ಸಕಾಲದಲ್ಲಿ ಸರಿಪಡಿಸದ ನನ್ನ ಆಲಸ್ಯ ಕಾರಣ.

ಹೊಸ ಮರಕ್ಕೆಲ್ಲ ಗೇರೆಣ್ಣೆ ಬಳಿಸಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ಗೆದ್ದಲಿನಿಂದ ಮರವನ್ನು ಕಾಯಲು ನಮ್ಮ ಕಡೆ ಹಿಂದಿನಿಂದಲೂ ಬಳಸುತ್ತಾರೆ. ಮೈಗೆ ತಾಗಿದರೆ ಬೊಕ್ಕೆ ಏಳುವುದರಿಂದ ಎಚ್ಚರ ಅಗತ್ಯ. ಮಾಡಿನಲ್ಲಿ ಆರು ಕಡೆ ಗಾಜಿನ ಹಂಚು ಕೂರಿಸಿದೆವು. ಈಗ ಹಗಲಿನಲ್ಲಿ ದೀಪ ಬೇಡ. ಮಣ್ಣಿನ ನೆಲವನ್ನು ಅರ್ಧ ಅಡಿ ಎತ್ತರಿಸಿ ಸಿಮೆಂಟು ಮಾಡಿಸಿದೆ. ವಿದ್ಯುತ್ತಿನ ಹಳೆಯ ತಂತಿಗಳನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಅರ್ಥಿಂಗ್ ಮಾಡಿಸಿ, 30 ಮಿಲಿ ಆಂಪಿಯರಿನಷ್ಟು ವಿದ್ಯುತ್ತು ಸೋರಿದರೂ ಸಂಪರ್ಕವನ್ನು ಕಡಿಯುವ ಸ್ವಿಚ್ಚನ್ನು ಹಾಕಿಸಿದೆ. ಕೆಲಸದ ಬೆಂಚನ್ನು ಕಿಟಕಿಯ ಪಕ್ಕದಲ್ಲಿ, ಬೆಳಕು ನನ್ನ ಎಡಗಡೆಯಿಂದ ಬೀಳುವಂತೆ ಇರಿಸಿದೆ. ಬಲಗೈಯಲ್ಲಿ ಗರಗಸ ಹಿಡಿಯುವವನಿಗೆ ಬೆಳಕು ಬಲದಿಂದ ಬಂದರೆ ತನ್ನ ಕೈಯ ನೆರಳೇ ಗೀಟಿನ ಮೇಲೆ ಬೀಳುತ್ತದೆ. ಬೆಂಚಿನ ಎತ್ತರ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವಷ್ಟು; ನನಗೆ ಅದು 33 ಅಂಗುಲವಾಯಿತು. ಬಗ್ಗಿ ಕೆಲಸ ಮಾಡಿದರೆ ಮರುದಿನ ಸೊಂಟ ಮಾತಾಡುತ್ತದೆ.

ಇಷ್ಟಕ್ಕೆ ಒಂದೂವರೆ ತಿಂಗಳು ಹಿಡಿಯಿತು. ನಿಜವಾದ ಕಷ್ಟ ಶುರುವಾದದ್ದು ಆನಂತರ.

ಮೇ ತಿಂಗಳಲ್ಲಿ ಮೊಮ್ಮಗ ರಜೆಗೆ ಬಂದಾಗ, ಕೊಟ್ಟಿಗೆಯ ಸಾಮಾನುಗಳನ್ನೆಲ್ಲ ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಿದೆವು. ಅಂಗಳ ತುಂಬಿತು. ನಾಲ್ಕು ಪಾಲು ಮಾಡುವುದೆಂದು ತೀರ್ಮಾನಿಸಿದೆ: ಬಳಸುವಂಥವು, ದುರಸ್ತಿ ಮಾಡಿ ಬಳಸಬಹುದಾದವು, ಬೇರೆಯವರಿಗೆ ಉಪಯೋಗವಾಗುವಂಥವು, ಗುಜರಿಗೆ ಹೋಗಬೇಕಾದವು. ಹೇಳುವುದು ಸುಲಭ. "ಎಂದಾದರೂ ಬೇಕಾಗಬಹುದು" ಎಂಬ ಐದನೆಯ ಪಾಲೊಂದು ತಾನಾಗಿಯೇ ಬೆಳೆಯುತ್ತ ಹೋಯಿತು. ಮೂರನೆಯ ದಿನ ನನ್ನ ಶ್ರೀಮತಿ ಬಂದು ನೋಡಿ, "ಇದೇನು, ಕೊಟ್ಟಿಗೆಯನ್ನು ಅಂಗಳಕ್ಕೆ ವರ್ಗಾವಣೆ ಮಾಡಿದಿರೋ?" ಎಂದು ಕೇಳಿದಳು. ನಗು ಬಂದರೂ ಆ ಪ್ರಶ್ನೆ ಸರಿಯಾದ ಕಡೆಗೇ ತಾಗಿತು.

ಆ ರಾಶಿಯಲ್ಲಿ ನಮ್ಮ ತಂದೆಯವರ ಒಂದು ಡಬ್ಬಿ ಸಿಕ್ಕಿತು. ತುಂಬ ಹಳೆಯ ಮೊಳೆಗಳು. ಹಲಗೆಗಳಿಂದ ಕಿತ್ತ ಡೊಂಕು ಮೊಳೆಗಳನ್ನು ಮಳೆಗಾಲದ ಮಧ್ಯಾಹ್ನಗಳಲ್ಲಿ ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುವುದು ಅವರ ಅಭ್ಯಾಸವಾಗಿತ್ತು. ನನಗೆ ಯಾವಾಗಲೂ ಅನ್ನಿಸುತ್ತಿದ್ದುದು, ನಾನೂ ಅವರಂತೆಯೇ ಮಿತವ್ಯಯಿ, ಏನನ್ನೂ ಎಸೆಯುವವನಲ್ಲ ಎಂದು. ಡಬ್ಬಿಯನ್ನು ಸುರಿದು ನೋಡಿದಾಗ ವ್ಯತ್ಯಾಸ ತಿಳಿಯಿತು. ಅವರ ಡಬ್ಬಿಯಲ್ಲಿದ್ದ ಪ್ರತಿಯೊಂದು ಮೊಳೆಯೂ ನೆಟ್ಟಗಿತ್ತು, ಉದ್ದಕ್ಕೆ ತಕ್ಕಂತೆ ಕಾಗದದ ಪೊಟ್ಟಣ ಕಟ್ಟಿತ್ತು. ಅವರು ಮುಂದಿನ ಕೆಲಸಕ್ಕೆ ಸಿದ್ಧಮಾಡಿ ಇಟ್ಟಿದ್ದರು. ನಾನು ನಿರ್ಧಾರ ಮಾಡಲಾರದೆ ಒಳಗೆ ಎಸೆದು ಬಾಗಿಲು ಹಾಕಿದ್ದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ.

ಜೋಡಣೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಶಾಲೆಯ ಪ್ರಯೋಗಾಲಯದ ಅಭ್ಯಾಸದಿಂದ ಮೊದಲು ನಾನು ಜಾತಿವಾರು ಜೋಡಿಸಿದೆ: ಸುತ್ತಿಗೆಗಳೆಲ್ಲ ಒಂದೆಡೆ, ಇಕ್ಕಳಗಳೆಲ್ಲ ಒಂದೆಡೆ. ನೋಡಲು ಚಂದವಾಗಿತ್ತು. ಆದರೆ ಒಂದು ನಲ್ಲಿಯ ವಾಷರ್ ಬದಲಿಸಲು ಐದು ಕಡೆ ನಡೆಯಬೇಕಾಯಿತು. ಆಗ ಎಲ್ಲವನ್ನೂ ಬಿಚ್ಚಿ ಕೆಲಸಕ್ಕೆ ತಕ್ಕಂತೆ ಜೋಡಿಸಿದೆ. ನಲ್ಲಿ-ಪೈಪಿನ ಕೆಲಸದ ಪೆಟ್ಟಿಗೆ ಒಂದು, ವಿದ್ಯುತ್ತಿನ ಕೆಲಸದ್ದು ಒಂದು. ಮರಗೆಲಸದ ಉಳಿ, ಹತ್ತರಿ, ಗರಗಸ, ಮೂಲೆಮಟ್ಟ, ರಸಮಟ್ಟ ಬೆಂಚಿನ ಎದುರಿನ ಹಲಗೆಯ ಮೇಲೆ. ತೋಟದ ಹಾರೆ, ಗುದ್ದಲಿ, ಕತ್ತಿ ಬಾಗಿಲಿನ ಬಳಿ. ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದೆ. ಒಂದು ಉಳಿ ಮರಳಿ ಬರದಿದ್ದರೆ ಅದರ ನೆರಳಿನಂಥ ಚಿತ್ರವೇ ಕೂಗಿ ಹೇಳುತ್ತದೆ. ಕಾರ್ಖಾನೆಯಲ್ಲಿರುವ ನನ್ನ ಸೋದರಳಿಯ ಇದನ್ನು ನೋಡಿ, "ಮಾವ, ಇದು ನಮ್ಮಲ್ಲಿ ದಿನಾ ಹೇಳಿಸೋ ಪಾಠ" ಎಂದ. ಜಪಾನೀಯರು ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ ಎಂದು ಐದು ಮಾತುಗಳಲ್ಲಿ ಇದನ್ನು ಹೇಳುತ್ತಾರಂತೆ: ಬೇಡದ್ದನ್ನು ಬೇರ್ಪಡಿಸು, ಉಳಿದದ್ದಕ್ಕೆ ಸ್ಥಳ ಗೊತ್ತುಮಾಡು, ಶುಚಿಯಾಗಿಡು, ಅದನ್ನೇ ಪದ್ಧತಿಯಾಗಿಸು, ಪದ್ಧತಿಯನ್ನು ಶಿಸ್ತಾಗಿ ಪಾಲಿಸು. ಮೊದಲನೆಯದೇ ಬೇರ್ಪಡಿಸುವುದು ಎಂಬುದನ್ನು ಗಮನಿಸಿ. ಬೇಡದ್ದನ್ನು ಹೊರಗೆ ಹಾಕದೆ ಕಪಾಟು ಕೊಳ್ಳಲು ಹೊರಡುವವರು ಕಸಕ್ಕೆ ಮನೆ ಕಟ್ಟಿಸಿದಂತೆ.

ತುಕ್ಕಿನ ಬಗ್ಗೆಯೂ ಒಂದು ಮಾತು. ವಿಜ್ಞಾನದ ಮೇಷ್ಟ್ರಾಗಿ ಎಷ್ಟು ಸಲ ಪಾಠ ಮಾಡಿದ್ದೇನೆ! ಕಬ್ಬಿಣಕ್ಕೆ ಗಾಳಿಯೂ ನೀರೂ ಸೇರಿ ತಗಲಿದರೆ ತುಕ್ಕು. ಎರಡರಲ್ಲಿ ಒಂದನ್ನು ತಪ್ಪಿಸಿದರೆ ತುಕ್ಕಿಲ್ಲ. ನಮ್ಮ ಮಳೆಗಾಲದಲ್ಲಿ ಗಾಳಿಯೇ ನೀರು. ಹುಣಸೆಹುಳಿಯಲ್ಲಿ ರಾತ್ರಿ ನೆನೆಸಿ ಉಜ್ಜಿ, ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿದರೆ ಮುಕ್ಕಾಲುಪಾಲು ಉಪಕರಣಗಳು ಮರಳಿ ಬದುಕುತ್ತವೆ. ಉಳಿಗಳನ್ನು ಸಾಣೆಕಲ್ಲಿನ ಮೇಲೆ ಸುಮಾರು 25 ಡಿಗ್ರಿ ಕೋನದಲ್ಲಿ ಮಸೆದೆ. ಮರಗೆಲಸದಲ್ಲಿ ಗಾಯವಾಗುವುದು ಹೆಚ್ಚಾಗಿ ಮೊಂಡು ಉಳಿಯಿಂದ. ಹರಿತವಿಲ್ಲದ್ದಕ್ಕೆ ಬಲ ಹೆಚ್ಚು ಹಾಕುತ್ತೇವೆ, ಅದು ಜಾರುತ್ತದೆ. ಪ್ರತಿವರ್ಷ ಆಯುಧಪೂಜೆಯಂದು ನಾನು ಇದೇ ಕೊಟ್ಟಿಗೆಯ ಬಾಗಿಲು ತೆರೆದು, ತುಕ್ಕಿನ ಮೇಲೆಯೇ ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಬೀಗ ಹಾಕುತ್ತಿದ್ದೆ. ಉಪಕರಣವನ್ನು ಬಿಚ್ಚಿ ಉಜ್ಜಿ ಎಣ್ಣೆ ಹಚ್ಚುವುದು ಪೂಜೆಯ ಮೊದಲ ಭಾಗ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ನಾನು ಕೊನೆಯ ಭಾಗವನ್ನಷ್ಟೇ ಇಟ್ಟುಕೊಂಡಿದ್ದೆ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ.

ಮೂರನೆಯ ಪಾಲಿನಲ್ಲಿ, ಅಂದರೆ ಬೇರೆಯವರಿಗೆ ಸಲ್ಲಬೇಕಾದುದರಲ್ಲಿ, ಒಂದಂಗುಲದ ಒಂದು ಬೈರಿಗೆ ಇತ್ತು. ಅದರ ಮರದ ಹಿಡಿಯ ಮೇಲೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಎರಡಕ್ಷರಗಳಿದ್ದವು. ನಮ್ಮ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮಾಡಿದ ಆಚಾರ್ರ ಗುರುತು ಅದು. ತಂದೆಯವರು ಯಾವುದೋ ಕೆಲಸಕ್ಕೆ ಕೇಳಿ ತಂದದ್ದು ಹಾಗೆಯೇ ಉಳಿದಿರಬೇಕು. ತಂದೆಯವರು ತೀರಿಕೊಂಡ ಮೇಲೆ ಕೊಟ್ಟಿಗೆಗೆ ನಾನು ಬೀಗ ಹಾಕಿದೆ; ಬೈರಿಗೆಯೂ ಒಳಗೇ ಉಳಿಯಿತು. ಆಚಾರ್ರು ಈಗಿಲ್ಲ. ಅವರ ಮಗ ಪೇಟೆಯಲ್ಲಿ ಪೀಠೋಪಕರಣದ ಕೆಲಸ ಮಾಡುತ್ತಾನೆ, ನನ್ನ ವಿದ್ಯಾರ್ಥಿಯೇ. ಬೈರಿಗೆಯನ್ನು ಉಜ್ಜಿ ಎಣ್ಣೆ ಹಚ್ಚಿ ಅವನ ಅಂಗಡಿಗೆ ಒಯ್ದು ಕೊಟ್ಟೆ. "ಇದು ನಿಮ್ಮಪ್ಪನದು. ಹಿಂದಿರುಗಿಸುವುದು ಬಹಳ ತಡವಾಯಿತು" ಎಂದೆ.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಪ್ಪ ಇದನ್ನ ಹುಡುಕಿ ಸೋತಿದ್ರು ಸಾರ್. ನಾನೇ ಎಲ್ಲೋ ಕಳೆದು ಹಾಕ್ದೆ ಅಂತ ಒಂದು ದಿನ ಚೆನ್ನಾಗಿ ಹೊಡೆದೂ ಇದ್ರು" ಎಂದು ನಕ್ಕ.

ನನಗೆ ನಗಲಾಗಲಿಲ್ಲ. ಚಹಾ ತರಿಸಿದ. ಬೆಂಚಿನ ಮೇಲೆ ಪ್ಲೈವುಡ್ಡಿನ ದಪ್ಪ ಅಳೆಯುವ ಕ್ಯಾಲಿಪರ್ಸ್ ಇತ್ತು. ಅದನ್ನು ಕೈಗೆತ್ತಿಕೊಂಡು ನಾನು ಮೇಷ್ಟ್ರ ಧಾಟಿಯಲ್ಲಿ, "ಇದನ್ನು ನಿನಗೆ ಕಲಿಸಿದವನು ನಾನೇ ಅಲ್ಲವೆ?" ಎಂದೆ. ಅವನು ಸಂಕೋಚದಿಂದ ಹೇಳಿದ: "ಬೋರ್ಡಿನ ಮೇಲೆ ಚಿತ್ರ ಬರೆದಿದ್ರಿ ಸಾರ್. ಬೀರುವಿನ ಗಾಜಿನೊಳಗೆ ಎರಡು ಇದ್ವು. ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಬೇಕು ಅಂತ ಬಹಳ ಆಸೆ ಇತ್ತು. ಆಮೇಲೆ ದುಡ್ಡು ಬಂದಾಗ ಮೊದಲು ಇದನ್ನೇ ತಗೊಂಡೆ."

ಆ ಬೀರು ನಿಮಗೆಲ್ಲ ನೆನಪಿರಬಹುದು. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗನ ಕೈಯಿಂದ ಥರ್ಮಾಮೀಟರ್ ಬಿದ್ದು ಒಡೆಯಿತು. ಅದಕ್ಕೆ ನಾನು ಲಿಖಿತ ವಿವರಣೆ ಕೊಡಬೇಕಾಯಿತು. ಅಂದಿನಿಂದ ಬೀರುವಿಗೆ ಬೀಗ, ಬೀಗದ ಕೈ ನನ್ನ ಜೇಬಿನಲ್ಲಿ. ಮಸೂರ, ಕ್ಯಾಲಿಪರ್ಸ್, ಅಮ್ಮೀಟರುಗಳನ್ನು ಮೇಜಿನ ಹಿಂದೆ ನಿಂತು ಎತ್ತಿ ತೋರಿಸುತ್ತಿದ್ದೆ; "ಯಾರೂ ಮುಟ್ಟಬೇಡಿ" ಎನ್ನುತ್ತಿದ್ದೆ. ನಿವೃತ್ತಿಯ ದಿನ ಸ್ಟಾಕ್ ರಿಜಿಸ್ಟರಿನ ಪ್ರಕಾರ ಎಲ್ಲವನ್ನೂ ಒಪ್ಪಿಸಿದಾಗ ಒಂದು ವಸ್ತುವೂ ಕಡಮೆಯಿರಲಿಲ್ಲ. ಸಹೋದ್ಯೋಗಿಗಳು ಬೀಳ್ಕೊಡುಗೆಯಲ್ಲಿ ಅದನ್ನೇ ಹೊಗಳಿದರು, ನಾನೂ ಹೆಮ್ಮೆಪಟ್ಟೆ. ಬಿ.ಎಡ್. ತರಗತಿಯಲ್ಲಿ "ಮಾಡಿ ಕಲಿಯುವುದು" ಎಂಬುದರ ಮೇಲೆ ಪುಟಗಟ್ಟಲೆ ಬರೆದು ಉತ್ತೀರ್ಣನಾದವನು ನಾನು!

ಇದು ನನ್ನೊಬ್ಬನ ದೋಷವೆಂದು ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ದೇಶದಲ್ಲಿ ಕೈಕೆಲಸದ ಶಿಕ್ಷಣದ ಕಥೆಯೂ ಹೆಚ್ಚುಕಡಮೆ ಹೀಗೆಯೇ ಇದೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಒಂದು ಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂದರು; ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 1964-66ರ ಕೊಠಾರಿ ಆಯೋಗ "ಕಾರ್ಯಾನುಭವ" ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಹೆಸರಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯವರೆಗಿನ ಮಕ್ಕಳು ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ 10 ದಿನ ಬ್ಯಾಗಿಲ್ಲದೆ ಕಲಿಯಬೇಕೆನ್ನುತ್ತದೆ. ಇವುಗಳಲ್ಲಿ ಯಾವುದೂ ಕೆಟ್ಟ ವಿಚಾರವಲ್ಲ. ಆದರೆ ನನ್ನ ಅನುಭವದಲ್ಲಿ ಆ ಅವಧಿಗಳು ಶಾಲೆಯ ಅಂಗಳ ಗುಡಿಸುವುದಕ್ಕೋ, ಪರೀಕ್ಷೆ ಹತ್ತಿರ ಬಂದಾಗ ಗಣಿತದ ಪಾಠಕ್ಕೋ ಸಂದವು. ನಾನೂ ಎಷ್ಟೋ ಬಾರಿ ಆ ಅವಧಿಯನ್ನು ಕೇಳಿ ಪಡೆದಿದ್ದೇನೆ. ನೀತಿಗಳು ದೆಹಲಿಯಿಂದ ಬರುತ್ತವೆ. ಬೀಗದ ಕೈ ಮಾತ್ರ ನಮ್ಮಂಥವರ ಜೇಬಿನಲ್ಲಿರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಉಪಕರಣವನ್ನು ಜೋಪಾನ ಮಾಡುವುದೆಂದರೆ ಬಚ್ಚಿಡುವುದಲ್ಲ, ಬೇಕಾದವರ ಕೈಗೆ ಹರಿತವಾಗಿ ಸಿಗುವಂತೆ ಇಡುವುದು. ಕಳೆದುಹೋಗುವ ಭಯದಿಂದ ಬಳಸಗೊಡದೆ ಇಟ್ಟ ವಸ್ತು ಆಗಲೇ ಕಳೆದುಹೋಗಿದೆ.

ಈಗ ಹಗಲಿನಲ್ಲಿ ನಮ್ಮ ಕೊಟ್ಟಿಗೆಗೆ ಬೀಗವಿಲ್ಲ. ಬಾಗಿಲಿನ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ನೋಟುಪುಸ್ತಕವಿದೆ. ಒಯ್ಯುವವರು ಹೆಸರು, ವಸ್ತು, ದಿನಾಂಕ ಬರೆದು ಒಯ್ಯುತ್ತಾರೆ. ಪೈಪ್ ರೆಂಚ್ ಒಂದನ್ನು ಪಕ್ಕದ ಮನೆಯ ಹುಡುಗನಿಗೇ ಕೊಟ್ಟೆ. ಭಾನುವಾರ ಬೆಳಿಗ್ಗೆ ಊರಿನ ನಾಲ್ಕಾರು ಮಕ್ಕಳು ಬರುತ್ತಾರೆ. ಅವರಿಗೆ ನನ್ನ ನಿಯಮಗಳು ಮೂರೇ: ಉಳಿ ಹಿಡಿದಾಗ ಎರಡೂ ಕೈ ಅಲಗಿನ ಹಿಂದೆ ಇರಬೇಕು, ವಿದ್ಯುತ್ ಯಂತ್ರಗಳನ್ನು ದೊಡ್ಡವರಿಲ್ಲದೆ ಮುಟ್ಟಬಾರದು, ತೆಗೆದದ್ದು ತನ್ನ ಚಿತ್ರದ ಮೇಲೆ ಮರಳಿ ಕೂರಬೇಕು.

"ಗಾಯವಾದರೆ ಯಾರು ಹೊಣೆ?" ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕಾಗಿ ಮಕ್ಕಳ ಮನೆಯವರನ್ನು ಮೊದಲೇ ಕೇಳುತ್ತೇನೆ, ಅವರು ಕೆಲಸ ಮಾಡುವಷ್ಟು ಹೊತ್ತೂ ಅಲ್ಲಿಯೇ ಇರುತ್ತೇನೆ. ಒಂದು ವರ್ಷದಲ್ಲಿ ಒಬ್ಬನ ಹೆಬ್ಬೆರಳಿಗೆ ಸುತ್ತಿಗೆಯ ಪೆಟ್ಟು ಬಿದ್ದಿದೆ, ಎರಡು ಸ್ಕ್ರೂಡ್ರೈವರ್ ಹಿಂದಿರುಗಿ ಬಂದಿಲ್ಲ, ಅರ್ಧ ಅಂಗುಲದ ಒಂದು ಉಳಿಯ ಬಾಯಿ ಮೊಳೆಗೆ ತಾಗಿ ಮುರಿದಿದೆ. ಹಳೆಯ ಸ್ಟಾಕ್ ರಿಜಿಸ್ಟರ್ ಇದ್ದಿದ್ದರೆ ಇದನ್ನೆಲ್ಲ ನಷ್ಟದ ಕಾಲಮಿನಲ್ಲಿ ಬರೆಯಬೇಕಾಗುತ್ತಿತ್ತು. ಅದೇ ವರ್ಷದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಗೆ ಕೂರುವ ಮಣೆಯೊಂದನ್ನು ಮಾಡಿಕೊಂಡು ಹೋದಳು. ಮೊದಲ ಸಲ ಒಂದು ಕಾಲು ಗಿಡ್ಡವಾಗಿ ಅಲ್ಲಾಡುತ್ತಿತ್ತು. ಅಳೆದು, ಕೀಸಿ, ಮತ್ತೆ ಅಳೆದು ತಾನೇ ಸರಿಪಡಿಸಿದಳು. ಮಿಲಿಮೀಟರ್ ಎಂದರೆ ಎಷ್ಟೆಂಬುದನ್ನು ಅವಳಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ. ಆ ಬೀರುವಿನ ಗಾಜಿಗೆ ಮೂಗು ತಾಗಿಸಿ ನಿಂತವರು ನಿಮ್ಮಲ್ಲಿ ಎಷ್ಟು ಮಂದಿಯೋ. ನಿಮ್ಮೆಲ್ಲರಲ್ಲಿ ಈ ಮುದಿ ಮೇಷ್ಟ್ರು ಕ್ಷಮೆ ಕೇಳುತ್ತಾನೆ. ನಿಮ್ಮ ಮನೆಗಳಲ್ಲಿಯೂ ಒಂದು ಅಟ್ಟವೋ ಕೋಣೆಯೋ ಮುಚ್ಚಿದ ಪೆಟ್ಟಿಗೆಯೋ ಇದ್ದೀತು. ಈ ಬೇಸಿಗೆಯಲ್ಲಿ ಒಮ್ಮೆ ತೆರೆದು ನೋಡಿ. ಇನ್ನೊಬ್ಬರದು ಸಿಕ್ಕಿದರೆ ಅವರು ಬದುಕಿರುವಾಗಲೇ ಹಿಂದಿರುಗಿಸಿ. ಊರಿಗೆ ಬಂದಾಗ ಮಕ್ಕಳನ್ನೂ ಕರೆದುಕೊಂಡು ನಮ್ಮ ಕಡೆ ಬನ್ನಿ. ಎರಡು ಕ್ಯಾಲಿಪರ್ಸ್ ಕೊಂಡು ಹಲಗೆಯ ಮೇಲೆ ತೂಗುಹಾಕಿದ್ದೇನೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ.